ಹಳೆಯ ಸ್ಪಿಟ್‌ಫೈರ್ ಕಿಟ್‌ಗೆ ಹೊಸ ಕಾಕ್‌ಪಿಟ್: ಮನೆಯಲ್ಲೇ ಮಾಡಿ

ಏರ್‌ಫಿಕ್ಸ್ ಕಂಪನಿಯ ಹಳೆಯ 1/72 (ನಿಜ ವಿಮಾನದ 72ರಲ್ಲಿ ಒಂದು ಪಾಲು ಅಳತೆಯ) ಸ್ಪಿಟ್‌ಫೈರ್ ಯುದ್ಧವಿಮಾನದ ಮಾದರಿ ಕಿಟ್ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಹೊರಗಿನಿಂದ ನೋಡಲು ಇವತ್ತಿಗೂ ಚೆಂದ. ಒಳಗೆ ಇಣುಕಿದರೆ ಮಾತ್ರ ಕಾಕ್‌ಪಿಟ್ ಹೆಚ್ಚುಕಡಿಮೆ ಖಾಲಿ. ಆ ಖಾಲಿ ಜಾಗದಲ್ಲೇ ನಮ್ಮ ಕೆಲಸ. ದುಬಾರಿ ರೆಸಿನ್ ಸೆಟ್ (ಸಿದ್ಧ ಬಿಡಿಭಾಗಗಳು) ಬೇಕಿಲ್ಲ. 0.25 ಮತ್ತು 0.5 ಮಿ.ಮೀ. ಪ್ಲಾಸ್ಟಿಕ್ ಹಾಳೆ, ಕಿಟ್‌ನಲ್ಲೇ ಉಳಿಯುವ ಸ್ಪ್ರೂ (ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಕಡ್ಡಿ), ಕೆಟ್ಟ ಚಾರ್ಜರ್‌ನ ತಾಮ್ರದ ತಂತಿ, ಮಾಸ್ಕಿಂಗ್ ಟೇಪ್, ಚೂಪಾದ ಬ್ಲೇಡ್ ಇದ್ದರೆ ಸಾಕು.

ಮೊದಲು ಲೆಕ್ಕ. ನಿಜವಾದ ಅಳತೆಯನ್ನು 72ರಿಂದ ಭಾಗಿಸಿ. 5 ಸೆಂ.ಮೀ. ಅಗಲದ ಬೆಲ್ಟ್ ಇಲ್ಲಿ 0.7 ಮಿ.ಮೀ. ಇದನ್ನೇ ತಿರುಗಿಸಿ ನೋಡಿ: ಕಿಟ್‌ನ ಗೋಡೆ 1 ಮಿ.ಮೀ. ದಪ್ಪ ಇದ್ದರೆ ನಿಜ ವಿಮಾನದಲ್ಲಿ ಅದು 7.2 ಸೆಂ.ಮೀ. ಆಯಿತು! ಸ್ಪಿಟ್‌ಫೈರ್‌ನ ಮೈ ತೆಳುವಾದ ಅಲ್ಯೂಮಿನಿಯಂ ತಗಡು. ಅದಕ್ಕೇ ಕಾಕ್‌ಪಿಟ್ ಅಂಚನ್ನು ಒಳಗಿನಿಂದ ಕೆರೆದು, ಬೆಳಕಿಗೆ ಹಿಡಿದರೆ ಪ್ಲಾಸ್ಟಿಕ್ ಮಂದವಾಗಿ ಹೊಳೆಯುವವರೆಗೂ ತೆಳು ಮಾಡಿ. ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಇದೊಂದನ್ನು ಮಾಡಿ.

ಆಮೇಲೆ ಒಳಗೋಡೆಯ ಪಕ್ಕೆಲುಬುಗಳು. ಇವಕ್ಕೆ ಎಳೆದ ಸ್ಪ್ರೂ ಬೇಕು. ಸ್ಪ್ರೂ ತುಂಡನ್ನು ಮೇಣದಬತ್ತಿಯ ಜ್ವಾಲೆಗೆ ತಾಗಿಸದೆ, ಸ್ವಲ್ಪ ಮೇಲೆ ಹಿಡಿದು ತಿರುಗಿಸುತ್ತಾ ಇರಿ. ನಡುಭಾಗ ಹೊಳೆದು ಜೋತುಬೀಳಲು ಶುರುವಾದ ತಕ್ಷಣ ಪಕ್ಕಕ್ಕೆ ತಂದು ಎರಡೂ ಕೈಯಿಂದ ಎಳೆಯಿರಿ. ನಿಧಾನಕ್ಕೆ ಎಳೆದರೆ ದಪ್ಪ ಎಳೆ, ಬೇಗ ಎಳೆದರೆ ಕೂದಲಿನಷ್ಟು ಸಣ್ಣ. ಆರುವವರೆಗೂ ಬಿಗಿ ಬಿಡಬೇಡಿ. ಕಿಟಕಿ ತೆರೆದಿಡಿ, ಹೊಗೆ ಒಳ್ಳೆಯದಲ್ಲ.

ಸೀಟಿಗೆ 0.25 ಮಿ.ಮೀ. ಹಾಳೆ: ತಳ, ಬೆನ್ನು, ಎರಡು ಪಕ್ಕ. ಬೆಲ್ಟ್‌ಗೆ ಮಾಸ್ಕಿಂಗ್ ಟೇಪ್‌ನ ಸಣ್ಣ ಪಟ್ಟಿ. ಒಳಗೋಡೆಗೆ ಬೂದು-ಹಸಿರು ಬಣ್ಣ. ಸೀಟು ಮಾತ್ರ ಅನೇಕ ಸ್ಪಿಟ್‌ಫೈರ್‌ಗಳಲ್ಲಿ ಕೆಂಪು ಛಾಯೆಯ ಕಂದು, ಯಾಕೆಂದರೆ ಅದು ಲೋಹದ್ದಲ್ಲ.

ನನಗೆ ತುಂಬಾ ಇಷ್ಟದ ಭಾಗ ಕಂಟ್ರೋಲ್ ಸ್ಟಿಕ್, ಅಂದರೆ ಪೈಲಟ್ ವಿಮಾನ ನಡೆಸುವ ಹಿಡಿಕೋಲು. ಸ್ಪಿಟ್‌ಫೈರ್‌ನಲ್ಲಿ ಅದರ ತುದಿಗೆ ಒಂದು ಬಳೆ ಇರುತ್ತದೆ. ಕಾಕ್‌ಪಿಟ್ ಎಷ್ಟು ಇಕ್ಕಟ್ಟು ಅಂದರೆ ಇಡೀ ಸ್ಟಿಕ್ ಎಡಬಲಕ್ಕೆ ವಾಲುವುದಿಲ್ಲ, ನಡುವಿನ ಕೀಲಿನಿಂದ ಮೇಲಿನ ಭಾಗ ಮಾತ್ರ ವಾಲುತ್ತದೆ. ತಾಮ್ರದ ತಂತಿಯನ್ನು ಸೂಜಿಗೆ ಒಂದು ಸುತ್ತು ಸುತ್ತಿ ಕತ್ತರಿಸಿದರೆ ಬಳೆ ರೆಡಿ. ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚುಕಡಿಮೆ ಮಾಡುವ ಲಿವರ್) ಎಡಗೋಡೆಗೆ, ಚಕ್ರ ಎತ್ತುವ ಲಿವರ್ ಬಲಗೋಡೆಗೆ. ಪೈಲಟ್ ಮೇಲೇರಿದ ಮೇಲೆ ಸ್ಟಿಕ್ ಹಿಡಿದ ಕೈ ಬದಲಿಸಿ ಚಕ್ರ ಎತ್ತಬೇಕಿತ್ತು, ಅದಕ್ಕೇ ಇವೆರಡನ್ನೂ ಅದಲುಬದಲು ಮಾಡಬೇಡಿ.

ಡಯಲ್ ಫಲಕಕ್ಕೆ 0.5 ಮಿ.ಮೀ. ಹಾಳೆ ಕತ್ತರಿಸಿ ಕಪ್ಪು ಬಳಿಯಿರಿ. ನಡುವೆ ಮೂರರ ಎರಡು ಸಾಲಿನಲ್ಲಿ ಆರು ಡಯಲ್. ಸೂಜಿಮೊನೆಯಿಂದ ವೃತ್ತ ಗೀರಿ, ಗೀರಿನಲ್ಲಿ ಬಿಳಿ ಬಣ್ಣ ತುಂಬಿ, ಒಣಗಿದ ಮೇಲೆ ಪ್ರತಿಯೊಂದಕ್ಕೂ ಪಾರದರ್ಶಕ ವಾರ್ನಿಷ್‌ನ ಒಂದು ಹನಿ ಇಡಿ, ಗಾಜಿನಂತೆಯೇ ಹೊಳೆಯುತ್ತದೆ.

ಪ್ರತಿ ತುಂಡು ಅಂಟಿಸಿದ ಮೇಲೂ ವಿಮಾನದ ಮೈಯ ಎರಡು ಅರ್ಧಗಳನ್ನು ಸುಮ್ನೆ ಜೋಡಿಸಿ ನೋಡಿ. ಅರ್ಧ ಮಿ.ಮೀ. ಜಾಸ್ತಿಯಾದರೂ ಮೈ ಮುಚ್ಚುವುದಿಲ್ಲ. ಸೀಟಿನ ಅಡಿಯ ನೆಲ ಯಾರಿಗೂ ಕಾಣುವುದಿಲ್ಲ, ಅಲ್ಲಿ ಹೊತ್ತು ಕಳೆಯಬೇಡಿ.

ಇಷ್ಟೆಲ್ಲಾ ಮಾಡಿ ಕ್ಯಾನೊಪಿ (ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ) ಮುಚ್ಚಿಟ್ಟರೆ ಏನು ಕಾಣುತ್ತೆ, ಅಲ್ವಾ? ಎಡಗಡೆಯ ಪುಟ್ಟ ಬಾಗಿಲನ್ನು ಬ್ಲೇಡ್‌ನಿಂದ ಹಗುರವಾಗಿ ಗೀರುತ್ತಾ ಕತ್ತರಿಸಿ, ಕೆಳಗೆ ಬಿಟ್ಟಂತೆ ಅಂಟಿಸಿ. ಕ್ಯಾನೊಪಿಯ ಜಾರುವ ಭಾಗವನ್ನೂ ಬೇರ್ಪಡಿಸಿ ಹಿಂದಕ್ಕೆ ಇಡಿ. ಇದಕ್ಕೆ ಫೆವಿಕಾಲ್ ಹಾಕಿ. ಫೆವಿಕ್ವಿಕ್‌ನ ಆವಿ ತಾಗಿದರೆ ಪಾರದರ್ಶಕ ಪ್ಲಾಸ್ಟಿಕ್ ಬೆಳ್ಳಗೆ ಮಂಜಾಗುತ್ತದೆ.