ವೃದ್ಧಾಪ್ಯ ವೇತನ ನಿಂತರೆ: ಎಲ್ಲಿ ನಿಂತಿದೆ ಎಂದು ಪತ್ತೆ ಹಚ್ಚುವ ಕ್ರಮ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಯಾವ ನಾಡ ಕಚೇರಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತರೂ "ಮೂರು ತಿಂಗಳಾತ್ರೀ, ಪಗಾರ ಬಂದಿಲ್ಲ" ಎಂಬ ಮಾತು ಕಿವಿಗೆ ಬೀಳುತ್ತದೆ. ಹೀಗೆ ಹೇಳುವ ಹಿರಿಯರಿಗೆ ಅಕ್ಕಪಕ್ಕದವರು ಕೊಡುವ ಮೊದಲ ಸಲಹೆ, ಹೊಸದಾಗಿ ಅರ್ಜಿ ಹಾಕಿರಿ ಎಂಬುದು. ಈ ಸಲಹೆಯನ್ನು ದಯವಿಟ್ಟು ಕೂಡಲೇ ಪಾಲಿಸಬೇಡಿ. ಒಮ್ಮೆ ಮಂಜೂರಾದ ಪಿಂಚಣಿಯ ಕಡತ ಕಚೇರಿಯಲ್ಲಿ ಇದ್ದೇ ಇರುತ್ತದೆ. ಅದೇ ಆಧಾರ್ ಸಂಖ್ಯೆಯ ಮೇಲೆ ಎರಡನೆಯ ಅರ್ಜಿ ಹೋದರೆ ಅದು ತಿರಸ್ಕೃತವಾಗುವ ಸಂಭವವೇ ಹೆಚ್ಚು, ಮೇಲಾಗಿ ನಿಂತುಹೋದ ತಿಂಗಳುಗಳ ಬಾಕಿಯನ್ನು ಕೇಳುವ ದಾರಿಯೂ ಕಿರಿದಾಗುತ್ತದೆ. ಸರ್ಕಾರದ ಖಜಾನೆಯಿಂದ ಹೊರಟ ಹಣ ಅಜ್ಜ ಅಜ್ಜಿಯರ ಕೈ ಸೇರುವ ದಾರಿಯಲ್ಲಿ ನಿಲ್ಲಬಹುದಾದ ಜಾಗಗಳು ಕೆಲವೇ ಕೆಲವು. ಮೊದಲು ಆ ಜಾಗವನ್ನು ಗುರುತಿಸಬೇಕು, ಅರ್ಜಿಯ ಮಾತು ಆಮೇಲೆ.

ಯಾವ ಯೋಜನೆಯ ಹಣ ಬರುತ್ತಿತ್ತು ಎಂಬುದನ್ನು ಮಂಜೂರಾತಿ ಪತ್ರದಲ್ಲಿ ನೋಡಿಕೊಳ್ಳಿ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನವು ಬಡತನ ರೇಖೆಗಿಂತ ಕೆಳಗಿರುವ ಕುಟುಂಬದ, 60 ವರ್ಷ ತುಂಬಿದವರಿಗೆ ಸಲ್ಲುವಂಥದ್ದು. ರಾಜ್ಯ ಸರ್ಕಾರ 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆ 65 ವರ್ಷ ತುಂಬಿದವರಿಗೆ. ಇದರಲ್ಲಿ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ, ಪೂರ್ತಿ ಹಣ ರಾಜ್ಯದ್ದೇ. ಒಬ್ಬರಿಗೆ ಒಂದೇ ಪಿಂಚಣಿ ಎಂಬುದು ನಿಯಮ. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು ಎಷ್ಟು ಎಂಬುದು ಬಹಳ ಜನರಿಗೆ ತಿಳಿದಿಲ್ಲ. 1995ರ ಆಗಸ್ಟ್ 15ರಂದು ಈ ಯೋಜನೆ ಆರಂಭವಾದಾಗ ಅದು ತಿಂಗಳಿಗೆ 75 ರೂಪಾಯಿ ಇತ್ತು, ಮುಂದೆ 200 ರೂಪಾಯಿಗೆ ಏರಿತು, ಅಲ್ಲಿಂದ ಇಂದಿನವರೆಗೆ 79 ವರ್ಷದವರೆಗಿನವರಿಗೆ ಆ 200 ರೂಪಾಯಿಯೇ ನಿಂತಿದೆ. 80 ದಾಟಿದವರಿಗೆ ಮಾತ್ರ 500 ರೂಪಾಯಿ. ಉಳಿದದ್ದನ್ನು ರಾಜ್ಯ ತುಂಬಿಕೊಡುತ್ತದೆ. ಇಡೀ ದೇಶದ ವೃದ್ಧರು, ವಿಧವೆಯರು, ಅಂಗವಿಕಲರನ್ನು ಒಳಗೊಂಡ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮಕ್ಕೆ ಕೇಂದ್ರ ಸರ್ಕಾರ 2025-26ರಲ್ಲಿ ಇಟ್ಟ ಹಣ 9,652 ಕೋಟಿ ರೂಪಾಯಿ. ಅದೇ ವರ್ಷ ಕರ್ನಾಟಕ ಸರ್ಕಾರ ಗೃಹಲಕ್ಷ್ಮಿ ಒಂದಕ್ಕೇ 28,608 ಕೋಟಿ ರೂಪಾಯಿ ಇಟ್ಟಿತ್ತು. ಎರಡು ದಶಕಗಳಲ್ಲಿ ಜೋಳದ ದರ, ಔಷಧಿಯ ದರ, ಬಸ್ಸಿನ ದರ ಎಲ್ಲಿಗೆ ಹೋಗಿ ಮುಟ್ಟಿವೆ ಎಂಬುದನ್ನು ಬಲ್ಲವರಿಗೆ, ಆ 200 ರೂಪಾಯಿ ಕದಲದೆ ನಿಂತಿರುವುದು ಅನ್ಯಾಯ ಎಂದು ಬೇರೆ ಹೇಳಬೇಕಾಗಿಲ್ಲ.

ಈಗ ಪಾಸ್‌ಬುಕ್ಕಿಗೆ ಬರೋಣ. ಪರಿಶೀಲನೆ ಆರಂಭವಾಗಬೇಕಾದದ್ದು ಇಲ್ಲಿಂದಲೇ, ಕಚೇರಿಯಿಂದ ಅಲ್ಲ. ಬ್ಯಾಂಕಿಗೆ ಹೋಗಿ ಕಳೆದ ಒಂದು ವರ್ಷದ ವ್ಯವಹಾರವನ್ನು ಮುದ್ರಿಸಿಕೊಂಡು, ಜಮೆಯಾದ ಪ್ರತಿ ಮೊತ್ತದ ಪಕ್ಕದಲ್ಲಿ ಅದು ಯಾವುದು ಎಂದು ಪೆನ್ಸಿಲ್ಲಿನಿಂದ ಬರೆಯುತ್ತಾ ಬನ್ನಿ. ನಮ್ಮ ಕಡೆಯ ರೈತ ಕುಟುಂಬದ ಹಿರಿಯ ಹೆಣ್ಣುಮಗಳ ಖಾತೆಯಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಇರುತ್ತದೆ, ಜಮೀನು ಅವರ ಹೆಸರಿನಲ್ಲಿದ್ದರೆ ನಾಲ್ಕು ತಿಂಗಳಿಗೊಮ್ಮೆ ಬರುವ ಪಿಎಂ ಕಿಸಾನ್ ಕಂತೂ 2,000 ರೂಪಾಯಿಯೇ, ಇವುಗಳ ನಡುವೆ ಪಿಂಚಣಿಯ 1,200 ರೂಪಾಯಿ. ಎಟಿಎಂನಲ್ಲಿ ಒಟ್ಟು ಬಾಕಿಯನ್ನಷ್ಟೇ ನೋಡುವ ಮಗನಿಗೆ ಯಾವುದು ಬಂತು, ಯಾವುದು ಬರಲಿಲ್ಲ ಎಂಬುದು ತಿಳಿಯುವುದೇ ಇಲ್ಲ. ಪಿಂಚಣಿ ನಿಂತಿದೆ ಎಂದು ತಿಳಿದವರ ಖಾತೆಯಲ್ಲಿ ಕೆಲವೊಮ್ಮೆ ಪಿಂಚಣಿ ಸರಿಯಾಗಿ ಬರುತ್ತಿದ್ದು, ನಿಂತಿರುವುದು ಗೃಹಲಕ್ಷ್ಮಿಯಾಗಿರುತ್ತದೆ. ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಪಿಂಚಣಿ ಕಂದಾಯ ಇಲಾಖೆಯ ಅಧೀನದ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯದ್ದು. ತಪ್ಪು ಕಚೇರಿಯ ಮುಂದೆ ದಿನಗಟ್ಟಲೆ ಕಾಯುವ ಕಷ್ಟ ಈ ಪೆನ್ಸಿಲ್ ಗುರುತಿನಿಂದ ತಪ್ಪುತ್ತದೆ. ಪಿಂಚಣಿ ಕೊನೆಯದಾಗಿ ಜಮೆಯಾದ ತಿಂಗಳನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲೆಡೆ ಕೇಳುವ ಪ್ರಶ್ನೆ ಅದೇ.

ಕೊನೆಯ ಜಮೆಯ ನಂತರ ಏನೂ ಬಂದಿಲ್ಲ ಎಂದಾದರೆ, ಹಣ ಬೇರೆ ಖಾತೆಗೆ ಹೋಗುತ್ತಿದೆಯೇ ಎಂಬುದನ್ನು ನೋಡಬೇಕು. ಈ ಸಾಧ್ಯತೆ ಎಷ್ಟೋ ಜನರ ಯೋಚನೆಗೇ ಬರುವುದಿಲ್ಲ. ನೇರ ನಗದು ವರ್ಗಾವಣೆಯಲ್ಲಿ ಹಣ ಹೋಗುವುದು ಖಾತೆ ಸಂಖ್ಯೆಯನ್ನು ನೋಡಿ ಅಲ್ಲ, ಆಧಾರ್ ಸಂಖ್ಯೆಯನ್ನು ನೋಡಿ. ಯಾವ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬ ಪಟ್ಟಿ ಎನ್‌ಪಿಸಿಐ ಎಂಬ ಸಂಸ್ಥೆಯ ಬಳಿ ಇರುತ್ತದೆ, ಆ ಪಟ್ಟಿಯಲ್ಲಿ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೇ ಹಣ ಸೇರುತ್ತದೆ. ಬ್ಯಾಡಗಿ ಸುತ್ತಮುತ್ತ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುವ ಹೆಣ್ಣುಮಕ್ಕಳನ್ನು ಗಮನಿಸಿ. ಸಂಘದ ಸಾಲಕ್ಕೆಂದು ಇನ್ನೊಂದು ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯುವಾಗ ಅರ್ಜಿಯ ಕೆಳಭಾಗದಲ್ಲಿ, ಸರ್ಕಾರದ ಸಹಾಯಧನವನ್ನು ಈ ಖಾತೆಯಲ್ಲೇ ಪಡೆಯಲು ಒಪ್ಪಿದ್ದೇನೆ ಎಂಬ ಸಣ್ಣ ಚೌಕವೊಂದು ಇರುತ್ತದೆ. ಯಾರೋ ಅದರಲ್ಲಿ ಗುರುತು ಹಾಕುತ್ತಾರೆ, ಇವರು ಹೆಬ್ಬೆಟ್ಟು ಒತ್ತುತ್ತಾರೆ, ಅಂದಿನಿಂದ ಪಿಂಚಣಿ ಆ ಹೊಸ ಖಾತೆಗೆ ಹೋಗತೊಡಗುತ್ತದೆ. ಸಾಲ ತೀರಿದ ಮೇಲೆ ಆ ಪಾಸ್‌ಬುಕ್ಕು ಟ್ರಂಕಿನ ತಳ ಸೇರಿರುತ್ತದೆ, ಹಣ ಮಾತ್ರ ಅದರಲ್ಲಿ ಬೀಳುತ್ತಲೇ ಇರುತ್ತದೆ.

ಇದನ್ನು ತಿಳಿಯಲು ಮೊಬೈಲಿನಿಂದ *99*99*1# ಒತ್ತಿ, ಆಧಾರ್ ಸಂಖ್ಯೆ ಕೊಟ್ಟರೆ ಜೋಡಣೆಯಾದ ಬ್ಯಾಂಕಿನ ಹೆಸರು ತೋರಿಸುತ್ತದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿಯೂ ನೋಡಬಹುದು, ಆದರೆ ಅದಕ್ಕೆ ಆಧಾರ್‌ಗೆ ಕೊಟ್ಟ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು. ರಾಜ್ಯ ಸರ್ಕಾರದ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ದಿನ, ಯಾವ ಯೋಜನೆಯ, ಎಷ್ಟು ಹಣ, ಯಾವ ಬ್ಯಾಂಕಿಗೆ ಹೋಗಿದೆ ಎಂಬ ವಿವರವೇ ಸಿಗುತ್ತದೆ. ಮನೆಯಲ್ಲಿ ಓದುವ ಮೊಮ್ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೆ ಒಪ್ಪಿಸಿ. ಬ್ಯಾಂಕಿನವರು "ಆಧಾರ್ ಲಿಂಕ್ ಆಗಿದೆ" ಎಂದು ಹೇಳಿದರೆ ಅಷ್ಟಕ್ಕೇ ಎದ್ದು ಬರಬೇಡಿ. ಖಾತೆಗೆ ಆಧಾರ್ ಸೇರಿಸುವುದು ಬೇರೆ, ಎನ್‌ಪಿಸಿಐ ಜೋಡಣೆ ಬೇರೆ. "ಎನ್‌ಪಿಸಿಐ ಆಗಿದೆಯೇ, ಸಕ್ರಿಯವಾಗಿದೆಯೇ" ಎಂದು ನಿರ್ದಿಷ್ಟವಾಗಿ ಕೇಳಿ, ಆಗಿಲ್ಲವಾದರೆ ಒಪ್ಪಿಗೆ ಪತ್ರವನ್ನು ತುಂಬಿಕೊಟ್ಟು ಅದರ ಪ್ರತಿಯ ಮೇಲೆ ಬ್ಯಾಂಕಿನ ಮೊಹರು ಹಾಕಿಸಿಕೊಳ್ಳಿ.

ಜೋಡಣೆ ಸರಿಯಾಗಿದ್ದೂ ಖಾತೆಯೇ ಸ್ಥಗಿತವಾಗಿರಬಹುದು. 2014ರ ಆಗಸ್ಟ್ ನಂತರ ತೆರೆದ ಜನಧನ ಖಾತೆಗಳಿಗೆ ಹತ್ತು ವರ್ಷ ತುಂಬಿದ್ದರಿಂದ ಗುರುತಿನ ದಾಖಲೆಗಳನ್ನು ಮತ್ತೆ ಕೊಡಬೇಕಾಗಿ ಬಂದಿದೆ. ಇದಕ್ಕಾಗಿ 2025ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಶಿಬಿರಗಳೂ ನಡೆದವು. ಅವುಗಳಿಗೆ ಹೋಗದವರು ಆಧಾರ್ ಪ್ರತಿಯೊಂದಿಗೆ ತಮ್ಮ ಶಾಖೆಗೆ ಹೋದರೆ ಸಾಕು. ಸರ್ಕಾರಿ ಯೋಜನೆಯ ಹಣಕ್ಕಾಗಿಯೇ ತೆರೆದ ಶೂನ್ಯ ಶಿಲ್ಕಿನ ಖಾತೆಯನ್ನು, ಎರಡು ವರ್ಷ ವ್ಯವಹಾರ ನಡೆಸಿಲ್ಲ ಎಂಬ ಕಾರಣಕ್ಕೆ ನಿಷ್ಕ್ರಿಯ ಎಂದು ವರ್ಗೀಕರಿಸಬಾರದು ಎಂಬ ರಿಸರ್ವ್ ಬ್ಯಾಂಕಿನ ಸೂಚನೆ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಷ್ಕ್ರಿಯವಾದ ಖಾತೆಯನ್ನು ಮತ್ತೆ ಚಾಲೂ ಮಾಡಲು ಶುಲ್ಕವನ್ನೂ ಪಡೆಯುವಂತಿಲ್ಲ. ಧಾರವಾಡದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ವಿಲೀನಗೊಂಡು ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ. ನಮ್ಮ ಮೂರೂ ಜಿಲ್ಲೆಗಳ ಹಳ್ಳಿಗಳಲ್ಲಿ ಈ ಬ್ಯಾಂಕಿನ ಖಾತೆಗಳು ಬಹಳ ಇರುವುದರಿಂದ, ಹಳೆಯ ಪಾಸ್‌ಬುಕ್ಕನ್ನೇ ಇಟ್ಟುಕೊಂಡಿರುವವರು ಒಮ್ಮೆ ಶಾಖೆಗೆ ಹೋಗಿ ಹೊಸದನ್ನು ಪಡೆದುಕೊಳ್ಳುವುದು ಒಳ್ಳೆಯದು. ನಡೆಯಲಾಗದ ಹಿರಿಯರ ವಿಷಯದಲ್ಲಿ, 70 ವರ್ಷ ದಾಟಿದವರಿಗೆ ಮನೆ ಬಾಗಿಲಿಗೆ ಬ್ಯಾಂಕಿನ ಸೇವೆ ಒದಗಿಸಬೇಕು ಎಂದು ರಿಸರ್ವ್ ಬ್ಯಾಂಕು 2017ರ ನವೆಂಬರಿನಲ್ಲಿಯೇ ಸೂಚಿಸಿದೆ ಎಂಬುದನ್ನು ಶಾಖೆಯಲ್ಲಿ ವಿನಯದಿಂದಲೇ ನೆನಪಿಸಬಹುದು.

ಬ್ಯಾಂಕಿನಲ್ಲಿ ಎಲ್ಲವೂ ಸರಿ ಇದೆ ಎಂದು ಖಚಿತವಾದ ಮೇಲೆ ಮಾತ್ರ ಕಂದಾಯ ಇಲಾಖೆಯ ಬಾಗಿಲು. ಇಲ್ಲಿ ಪಿಂಚಣಿ ನಿಲ್ಲುವುದು ಸಾಮಾನ್ಯವಾಗಿ ಪರಿಶೀಲನೆಯ ಹೊತ್ತಿನಲ್ಲಿ. ತಲಾಟಿಯವರು ಬಂದಾಗ ಅಜ್ಜಿ ಮಗಳ ಊರಿಗೆ ಹೋಗಿದ್ದರೆ ವಿಳಾಸದಲ್ಲಿ ಇಲ್ಲ ಎಂದು ದಾಖಲಾಗಬಹುದು. ಆಧಾರ್‌ನಲ್ಲಿರುವ ವಯಸ್ಸಿಗೂ ಅರ್ಜಿಯ ಜೊತೆ ಕೊಟ್ಟ ದಾಖಲೆಯ ವಯಸ್ಸಿಗೂ ಹೊಂದಾಣಿಕೆ ಆಗದಿರಬಹುದು. ಪಡಿತರ ಚೀಟಿ ರದ್ದಾದದ್ದರಿಂದ ಬಡತನದ ಅರ್ಹತೆಯೇ ಪ್ರಶ್ನೆಗೆ ಒಳಗಾಗಿರಬಹುದು. ವಯಸ್ಸಿನ ತೊಡಕು ಇವುಗಳಲ್ಲಿ ಕಠಿಣವಾದದ್ದು, ಏಕೆಂದರೆ ಆಧಾರ್‌ನಲ್ಲಿ ಜನ್ಮದಿನಾಂಕವನ್ನು ಸಾಮಾನ್ಯವಾಗಿ ಒಂದು ಸಲ ಮಾತ್ರ ತಿದ್ದಲು ಅವಕಾಶವಿದೆ. ಆ ಒಂದು ಅವಕಾಶವನ್ನು ಬಳಸುವ ಮುನ್ನ ಶಾಲೆಯ ದಾಖಲೆ, ಹಳೆಯ ಮತದಾರರ ಚೀಟಿ ಮುಂತಾದವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ.

ಕಾರಣ ಯಾವುದೇ ಇರಲಿ, ಬಾಯಿಮಾತಿನ ವಿಚಾರಣೆಗೆ ದಾಖಲೆ ಉಳಿಯುವುದಿಲ್ಲ. ತಹಶೀಲ್ದಾರರಿಗೆ ಹೀಗೊಂದು ಮನವಿ ಕೊಡಿ:

"ಮಾನ್ಯರೇ, ನನಗೆ ______ ದಿನಾಂಕದ ಆದೇಶ ಸಂಖ್ಯೆ ______ ರಂತೆ ಸಂಧ್ಯಾ ಸುರಕ್ಷಾ ಯೋಜನೆಯಡಿ ಪಿಂಚಣಿ ಮಂಜೂರಾಗಿದ್ದು, ______ ತಿಂಗಳವರೆಗೆ ಖಾತೆಗೆ ಜಮೆಯಾಗಿದೆ; ತದನಂತರ ಜಮೆಯಾಗಿರುವುದಿಲ್ಲ. ನನ್ನ ಆಧಾರ್ ______ ಬ್ಯಾಂಕಿಗೆ ಜೋಡಣೆಯಾಗಿ ಸಕ್ರಿಯವಾಗಿರುವುದಕ್ಕೆ ದಾಖಲೆ ಲಗತ್ತಿಸಿದ್ದೇನೆ. ಪಿಂಚಣಿಯನ್ನು ಸ್ಥಗಿತಗೊಳಿಸಿದ್ದಲ್ಲಿ, ಯಾವ ಕಾರಣಕ್ಕೆ ಮತ್ತು ಯಾವ ದಿನಾಂಕದ ಆದೇಶದಿಂದ ಎಂಬುದನ್ನು ಲಿಖಿತವಾಗಿ ತಿಳಿಸಿ, ಪಿಂಚಣಿಯನ್ನು ಪುನರಾರಂಭಿಸಿ, ಬಾಕಿ ತಿಂಗಳುಗಳ ಹಣವನ್ನು ಪಾವತಿಸಬೇಕೆಂದು ವಿನಂತಿಸುತ್ತೇನೆ."

ಇದರೊಂದಿಗೆ ಮಂಜೂರಾತಿ ಪತ್ರ, ಆಧಾರ್, ಪಡಿತರ ಚೀಟಿ, ಪಾಸ್‌ಬುಕ್ಕಿನ ಮೊದಲ ಪುಟ ಮತ್ತು ಕೊನೆಯ ಜಮೆ ಇರುವ ಪುಟದ ಪ್ರತಿಗಳನ್ನು ಇಟ್ಟು, ಎರಡನೆಯ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಪಡೆಯಿರಿ. ಮಂಜೂರಾತಿ ಪತ್ರ ಕಳೆದಿದ್ದರೆ ಹೆದರಬೇಕಾಗಿಲ್ಲ; ಹೆಸರು, ಆಧಾರ್ ಕೊಟ್ಟರೆ ನಾಡ ಕಚೇರಿಯಲ್ಲಿ ಆದೇಶ ಸಂಖ್ಯೆಯನ್ನು ತೆಗೆದುಕೊಡಲು ಕೇಳಬಹುದು. ಕಾರಣ ಲಿಖಿತವಾಗಿ ಕೈಗೆ ಬಂದ ಮೇಲೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಮುಂದೆ ಯಾವ ದಾಖಲೆ ಕೊಡಬೇಕು ಎಂಬುದು ಅದರಲ್ಲಿಯೇ ಇರುತ್ತದೆ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 30 ದಿನಗಳಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದಗಳನ್ನು ಮೀರಬಾರದು. ಆದ್ದರಿಂದ ದುಃಖವನ್ನೆಲ್ಲ ತೋಡಿಕೊಳ್ಳದೆ, ಪಿಂಚಣಿ ಸ್ಥಗಿತಗೊಳಿಸಿದ ಆದೇಶದ ಪ್ರತಿ ಮತ್ತು ಸ್ಥಳ ಪರಿಶೀಲನೆಯ ವರದಿಯ ಪ್ರತಿ ಎಂದಷ್ಟೇ ಕೇಳಿ. ಪರಿಶೀಲನೆಯ ನಂತರ ನಿಜಕ್ಕೂ ಹೊಸ ಅರ್ಜಿಯೇ ಬೇಕು ಎಂದಾದರೆ, ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಿಸುವ ಸಕಾಲ ಯೋಜನೆಯ 15 ಅಂಕಿಯ ಸಂಖ್ಯೆ ಇರುವ ಸ್ವೀಕೃತಿಯಿಲ್ಲದೆ ಕಚೇರಿಯಿಂದ ಹೊರಬರಬೇಡಿ. ಸಕಾಲ ಯೋಜನೆ 2012ರ ಮಾರ್ಚಿನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಧಾರವಾಡವೂ ಒಂದು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕು ಅದರಿಂದ ಬಂದಿದೆ. ಮೊತ್ತ ಚಿಕ್ಕದು, ಆದರೆ ಆ ಸಂಖ್ಯೆ ಇದ್ದರೆ ಅರ್ಜಿ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ.

ಊರಿನಲ್ಲಿ ಹಲವರ ಪಿಂಚಣಿ ಒಂದೇ ತಿಂಗಳಲ್ಲಿ ನಿಂತಿದ್ದರೆ ತೊಂದರೆ ಒಬ್ಬರ ಖಾತೆಯದಲ್ಲ, ಖಜಾನೆಯಿಂದಲೇ ಹಣ ಬಿಡುಗಡೆಯಾಗಿಲ್ಲ ಎಂದು ತಿಳಿಯಬೇಕು. ಆಗ ಒಬ್ಬೊಬ್ಬರೇ ಅಲೆದಾಡುವುದಕ್ಕಿಂತ ಗ್ರಾಮ ಸಭೆಯಲ್ಲಿ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸುವುದು ಮೇಲು. ಲೆಕ್ಕವನ್ನೂ ಅಲ್ಲಿಯೇ ಮುಂದಿಡಿ: ಸಂಧ್ಯಾ ಸುರಕ್ಷಾ ಪಡೆಯುವ 100 ಜನರಿರುವ ಊರಿಗೆ ತಿಂಗಳಿಗೆ 1,20,000 ರೂಪಾಯಿ, ವರ್ಷಕ್ಕೆ 14,40,000 ರೂಪಾಯಿ ಬರಬೇಕು. ಇಷ್ಟು ಹಣ ಊರಿನ ಕಿರಾಣಿ ಅಂಗಡಿ, ಔಷಧಿ ಅಂಗಡಿಗಳಲ್ಲೇ ಖರ್ಚಾಗುವಂಥದ್ದು, ಅದು ಮೂರು ತಿಂಗಳು ತಡವಾದರೆ ಊರಿಗೇ ತಟ್ಟುತ್ತದೆ. ವೃದ್ಧಾಪ್ಯ ವೇತನವನ್ನು ಪ್ರತಿ ತಿಂಗಳ 7ರೊಳಗೆ ಪಾವತಿಸಬೇಕು ಎಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರ ಆದೇಶದಲ್ಲಿ ಹೇಳಿದೆ. ಠರಾವಿನಲ್ಲಿ ಈ ಆದೇಶವನ್ನು ಉಲ್ಲೇಖಿಸಿ.

ಇನ್ನೊಂದು ಮಾತು ಪಿಂಚಣಿದಾರರು ತೀರಿಕೊಂಡ ಮನೆಯವರಿಗೆ. ಮರಣದ ನಂತರವೂ ಒಂದೆರಡು ತಿಂಗಳು ಹಣ ಜಮೆಯಾಗುವುದುಂಟು. ಅದನ್ನು ಎಟಿಎಂ ಕಾರ್ಡಿನಿಂದ ತೆಗೆಯಬೇಡಿ, ಸರ್ಕಾರ ಅದನ್ನು ಮರಳಿ ಕೇಳುತ್ತದೆ. ಮರಣ ಪ್ರಮಾಣಪತ್ರವನ್ನು ನಾಡ ಕಚೇರಿಗೂ ಬ್ಯಾಂಕಿಗೂ ಕೊಡಿ. ಗಂಡನ ಪಿಂಚಣಿ ಹೆಂಡತಿಯ ಹೆಸರಿಗೆ ತಾನಾಗಿ ವರ್ಗವಾಗುವುದಿಲ್ಲ, ಅವರು ವಿಧವಾ ವೇತನಕ್ಕೋ ಸಂಧ್ಯಾ ಸುರಕ್ಷಾಕ್ಕೋ ಪ್ರತ್ಯೇಕ ಅರ್ಜಿ ಹಾಕಬೇಕು. ಈಗಾಗಲೇ ಅವರಿಗೆ ಒಂದು ಪಿಂಚಣಿ ಬರುತ್ತಿದ್ದರೆ ಅದೇ ಮುಂದುವರಿಯುತ್ತದೆ. ತೀರಿಕೊಂಡವರು 18ರಿಂದ 59ರ ವಯಸ್ಸಿನ, ಬಿಪಿಎಲ್ ಕುಟುಂಬದ ದುಡಿಯುವ ಯಜಮಾನರಾಗಿದ್ದರೆ, ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಡಿ ಒಂದೇ ಸಲಕ್ಕೆ ಸಿಗುವ 20,000 ರೂಪಾಯಿಗೂ ಅದೇ ಕಚೇರಿಯಲ್ಲಿ ಅರ್ಜಿ ಕೊಡಬಹುದು.