ಕುವಲಯಮಾಲಾ: ನಾನು ಓದಿದ ಬಗೆ

ಪ್ರಾಕೃತ ಕಲಿಯಲು ಮೊದಲು ವ್ಯಾಕರಣ ಮುಗಿಸಿ ಅಂತ ಹೇಳುವವರೇ ಜಾಸ್ತಿ. ನಾನು ನೇರವಾಗಿ ಕಥೆಗೇ ಕೈ ಹಾಕಿದೆ. ಅದು ಜೈನ ಮುನಿ ಉದ್ಯೋತನಸೂರಿ ರಾಜಸ್ಥಾನದ ಜಾಲೋರಿನಲ್ಲಿ ಕ್ರಿ.ಶ. 779ರಲ್ಲಿ ಮುಗಿಸಿದ ‘ಕುವಲಯಮಾಲಾ’. ಶಕ 700 ತುಂಬಲು ಒಂದೇ ದಿನ ಬಾಕಿ ಅಂತ ಕವಿಯೇ ಬರೆದಿಟ್ಟಿದ್ದಾನೆ.

ಗದ್ಯ ಪದ್ಯ ಬೆರೆತ ಕೃತಿ, ನಮ್ಮ ಚಂಪೂ ಥರ. ಗಾಹೆ, ಅಂದರೆ ಪ್ರಾಕೃತದ ಎರಡು ಸಾಲಿನ ಮಾತ್ರಾಪದ್ಯ, ಬಂದರೆ ಅರ್ಥಕ್ಕೆ ಅವಸರ ಮಾಡುತ್ತಿರಲಿಲ್ಲ. ಗಟ್ಟಿಯಾಗಿ ಓದಿ ಮಾತ್ರೆ ಎಣಿಸುತ್ತಿದ್ದೆ. ಮೊದಲರ್ಧಕ್ಕೆ 30, ಎರಡನೆಯದಕ್ಕೆ 27. ಕಂದಪದ್ಯಕ್ಕೆ ಗಣ ಹಾಕಿ ರೂಢಿಯಿದ್ದವರಿಗೆ ಇದೇನು ಕಷ್ಟವಲ್ಲ. ಲೆಕ್ಕ ಕೂಡಿತೆಂದರೆ ಪದ ಎಲ್ಲಿ ಒಡೆಯಬೇಕು ಅನ್ನುವುದೂ ಹೆಚ್ಚುಕಮ್ಮಿ ತಿಳಿಯುತ್ತದೆ.

ಆಮೇಲೆ ಉದುರಿದ ಅಕ್ಷರ ಹುಡುಕುವ ಕೆಲಸ. ಸ್ವರಗಳ ನಡುವೆ ಬರುವ ಕ, ಗ, ತ, ದಗಳು ಸಾಮಾನ್ಯವಾಗಿ ಬಿದ್ದುಹೋಗುತ್ತವೆ. ಜೈನರ ಪ್ರತಿಗಳಲ್ಲಿ ಆ ಜಾಗಕ್ಕೆ ‘ಯ’ ಬಂದು ಕೂರುತ್ತದೆ. ‘ಣಯರ’ ಅಂದರೆ ನಗರ, ‘ಸಾಯರ’ ಅಂದರೆ ಸಾಗರ. ಕಥೆ ‘ಕಹಾ’ ಆಗುತ್ತದೆ. ಇಷ್ಟು ಕಣ್ಣಿಗೆ ಒಗ್ಗಿದರೆ ಸಾಕು, ಓದು ಓಡುತ್ತದೆ.

ಸಿಕ್ಕಿಹಾಕಿಕೊಂಡಾಗ ಇದೇ ಕಥೆಗೆ ರತ್ನಪ್ರಭಸೂರಿ ಆಮೇಲೆ ಬರೆದ ಸಂಸ್ಕೃತ ಸಂಕ್ಷೇಪ ನೋಡುತ್ತಿದ್ದೆ. ಬೆಳಗಾವಿ ಜಿಲ್ಲೆಯ ಸದಲಗಾದವರಾದ ಆ.ನೇ. ಉಪಾಧ್ಯೆ ಮೂಲವನ್ನು 1959ರಲ್ಲಿ, ಈ ಸಂಕ್ಷೇಪವನ್ನು 1970ರಲ್ಲಿ ಹೊರತಂದರು. ಸಂಕ್ಷೇಪ ತಾನೇ, ಪ್ರತಿ ಸಾಲಿಗೂ ಉತ್ತರ ಸಿಗದು. ಕಥೆಯ ದಾರಿ ತಪ್ಪದಂತೆ ಮಾತ್ರ ಕಾಯುತ್ತದೆ.

ಕಥೆಯಲ್ಲಿ ಬರುವ ವಿಜಯಾಪುರಿ ಪಟ್ಟಣದ ಪೇಟೆಯಲ್ಲಿ ದೇಶದೇಶದ ವ್ಯಾಪಾರಿಗಳು ಮಾತಾಡುವ ಭಾಗ ಬಹಳ ಪ್ರಸಿದ್ಧ. ಮರಾಠರು ‘ದಿಣ್ಣಲ್ಲೆ ಗಹಿಯಲ್ಲೆ’ (ಕೊಟ್ಟದ್ದು, ತಗೊಂಡದ್ದು) ಅನ್ನುತ್ತಾರೆ. ಕನ್ನಡಿಗರೂ ಅಲ್ಲಿದ್ದಾರೆ! ಆದರೆ ಶುರು ಮಾಡುವವರಿಗೆ ನಾನು ಹೇಳುವುದು ಲೋಭದೇವನ ಕಥೆ. ಕ್ರೋಧ, ಮಾನ, ಮಾಯೆ, ಲೋಭ, ಮೋಹ ಐದಕ್ಕೂ ಒಬ್ಬೊಬ್ಬ ಮನುಷ್ಯ ಇದ್ದಾನೆ, ಇವನದು ಲೋಭ. ತಕ್ಷಶಿಲೆ ಕಡೆಯ ಇವನು ಪಶ್ಚಿಮ ಕರಾವಳಿಯ ಬಂದರು ಸೋಪಾರಕ್ಕೆ ಬರುತ್ತಾನೆ. ಅಲ್ಲಿ ವ್ಯಾಪಾರಿಗಳು ಕೂತು ಲಾಭದ ಕಥೆ ಹೇಳುತ್ತಿರುತ್ತಾರೆ. ಕುದುರೆ ಒಯ್ದು ಆನೆ ತಂದೆ ಅಂತ ಒಬ್ಬ. ಬೇವಿನೆಲೆ ಒಯ್ದು ರತ್ನದ್ವೀಪದಿಂದ ರತ್ನ ತಂದೆ ಅಂತ ಇನ್ನೊಬ್ಬ. ವಾಕ್ಯಗಳು ಚಿಕ್ಕವು, ಒಂದೇ ಅಚ್ಚಿನವು. ‘ನಾನು ಇಲ್ಲಿಗೆ ಹೋದೆ, ಇದನ್ನು ಒಯ್ದೆ, ಅದನ್ನು ತಂದೆ.’ ಕ್ರಿಯಾಪದಗಳು ಸುಮ್ನೆ ಬಾಯಿಗೆ ಬರುತ್ತವೆ.

ಲೋಭದೇವ ರತ್ನದ್ವೀಪಕ್ಕೆ ಹಡಗು ಹತ್ತುತ್ತಾನೆ. ವಾಪಸು ಬರುವಾಗ ಪಾಲು ಕೊಡಬೇಕಲ್ಲ ಅಂತ ಜೊತೆಗಾರನನ್ನೇ ಸಮುದ್ರಕ್ಕೆ ತಳ್ಳುತ್ತಾನೆ. ಹಡಗು ಒಡೆದು ಅವನು ದ್ವೀಪವೊಂದನ್ನು ಸೇರಿದ ಮೇಲೆ ಅಲ್ಲಿನವರು ಚೆನ್ನಾಗಿ ಉಣಿಸಿ, ಬಂಗಾರ ಮಾಡಲು ಅವನ ಮಾಂಸವನ್ನೇ ಕೊಯ್ಯುತ್ತಾರೆ. ಈ ಪುಟಗಳಲ್ಲಿ ನಿಘಂಟು ತೆಗೆಯುವ ವ್ಯವಧಾನವೇ ಇರಲಿಲ್ಲ.