ತರಗತಿ ಗೋಡೆಗೆ ಟೆಕ್ಸ್ಚರ್ ಬೇಕಾ? ಮೊದಲು ತೇವ ನೋಡಿ

ಬೇಸಿಗೆ ರಜೆ ಬಂತು ಅಂದರೆ ಮಂಡ್ಯ ಕಡೆ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ ಪೇಂಟ್ ಮಾತು ಶುರುವಾಗುತ್ತದೆ. ಹಳೆ ವಿದ್ಯಾರ್ಥಿಗಳು ಒಂದಿಷ್ಟು ದುಡ್ಡು ಕೊಟ್ಟಿರುತ್ತಾರೆ, ಅಂಗಡಿಯವರು ಟೆಕ್ಸ್ಚರ್ (ಉಬ್ಬುತಗ್ಗು ಡಿಸೈನ್ ಮೂಡಿಸುವ ಪೇಂಟ್), ಬ್ಯಾಕ್ಟೀರಿಯಾ ಕೊಲ್ಲುವ ಪೇಂಟ್, ವೈಟ್‌ಬೋರ್ಡ್ ಪೇಂಟ್ ಅಂತ ಕ್ಯಾಟಲಾಗ್ ಬಿಚ್ಚುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ತರಗತಿಗೆ ಬೇಡವೇ ಬೇಡ.

ಮೊದಲು ತೇವ ನೋಡಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ಗದ್ದೆ ಪಕ್ಕದ ಶಾಲೆಯಾದರೆ ಗೋಡೆಯ ಬುಡ ಉಬ್ಬಿ, ಬಿಳಿ ಉಪ್ಪು ಪುಡಿಪುಡಿಯಾಗಿ ಉದುರುತ್ತಿರಬಹುದು. ಅನುಮಾನ ಇದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಟ್ಟು ತೆಗೆಯಿರಿ. ಗೋಡೆ ಕಡೆಯ ಮೈಯಲ್ಲಿ ನೀರಹನಿ ಕಂಡರೆ ಪೇಂಟ್ ದುಡ್ಡನ್ನು ಹೊರಗಿನ ಚರಂಡಿಗೆ, ಸೂರಿನ ನೀರು ದೂರ ಬೀಳುವ ಹಾಗೆ ಮಾಡುವುದಕ್ಕೆ ಹಾಕಿ. ಒದ್ದೆ ಗೋಡೆಗೆ ಪುಟ್ಟಿ, ಆಯಿಲ್ ಪೇಂಟ್ ಹೊಡೆದರೆ ಗುಳ್ಳೆ ಎದ್ದು ಕಿತ್ತು ಬರುತ್ತದೆ. ಗೋಡೆ ಒಣಗುವವರೆಗೂ ಸುಣ್ಣವೇ ವಾಸಿ.

ಹಳೇ ಬಣ್ಣ ಕೆರೆಯುವಾಗ ನೀರು ಚಿಮುಕಿಸಿ ಕೆರೆಯಿರಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಹಳೇ ಪೇಂಟ್‌ನಲ್ಲಿ ಸೀಸ ಇರಬಹುದು. ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಹೊಸ ಡಬ್ಬಿಯ ಲೇಬಲ್ಲನ್ನೂ ಓದಿ.

ಗೋಡೆ ಒಣಗಿದೆಯಾ? ಹಾಗಾದರೆ ನೆಲದಿಂದ 4 ಅಡಿವರೆಗೆ ಒಳ್ಳೆಯ ಆಯಿಲ್ ಪೇಂಟ್, ದುಡ್ಡಿದ್ದರೆ ಟೈಲ್ಸ್. ಖರ್ಚು ಮಾಡಬೇಕಾದ ಜಾಗ ಇದೇ. ಗೋಡೆಗೆ ಒತ್ತಿದ ಬೆಂಚಿನ ಹಿಂದೆ ನೋಡಿ, ಎಣ್ಣೆ ತಲೆಯ ಕಲೆ ಸಾಲಾಗಿ ಇರುತ್ತದೆ, ಕೆಳಗೆ ಶೂ ಗುರುತು, ಕಂಪಾಸ್ ಮುಳ್ಳಲ್ಲಿ ಕೆತ್ತಿದ ಹೆಸರು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಲೆ ಹೋಗಬೇಕು. ಟೆಕ್ಸ್ಚರ್‌ನಲ್ಲಿ ಅದು ಆಗಲ್ಲ, ಏಣುಗಳಲ್ಲಿ ಧೂಳು ಕೂರುತ್ತದೆ, ಒಂದು ಕಡೆ ಕಿತ್ತರೆ ಅದೇ ಡಿಸೈನ್ ಕೂಡಿಸುವುದೂ ಕಷ್ಟ.

ಮೇಲಕ್ಕೆ ತಿಳಿ ಬಣ್ಣದ, ಹೊಳಪಿಲ್ಲದ ಎಮಲ್ಷನ್ ಸಾಕು. ಬೋರ್ಡಿನ ಗೋಡೆ ಹೊಳೆದರೆ ಕಿಟಕಿ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಬ್ಯಾಕ್ಟೀರಿಯಾ ಪೇಂಟ್ ಬದಲು ಕೈ ತೊಳೆಯುವ ನಲ್ಲಿ ರಿಪೇರಿ ಮಾಡಿಸಿ, ಅಲ್ವಾ?

ವಿಶೇಷ ಬಣ್ಣ ಅಂತ ನಾನು ಒಪ್ಪುವುದು ಒಂದನ್ನೇ: ಚಿಕ್ಕ ತರಗತಿ ಮಕ್ಕಳು ಚಟುವಟಿಕೆ ಮಾಡುತ್ತಾ ಕಲಿಯುವ ನಲಿ-ಕಲಿ ಕೋಣೆಯಲ್ಲಿ ಮಕ್ಕಳ ಕೈಗೆಟುಕುವ ಎತ್ತರಕ್ಕೆ ಕಪ್ಪು ಹಲಗೆ ಪೇಂಟ್. ಮಾತು ಗುಂಯ್‌ಗುಡುವ ಕೋಣೆಗೆ ಟೆಕ್ಸ್ಚರ್ ಪ್ರಯೋಜನ ಇಲ್ಲ, ಹಿಂದಿನ ಗೋಡೆಗೆ ದಪ್ಪ ಸಾಫ್ಟ್ ಬೋರ್ಡ್ ಹಾಕಿಸಿ. ಸ್ವಲ್ಪ ಸದ್ದು ಹೀರುತ್ತದೆ, ಮಕ್ಕಳ ಚಿತ್ರ ಚುಚ್ಚುವುದಕ್ಕೂ ಆಯಿತು.

ಕೆಲಸ ಮುಗಿದ ದಿನ ಶೇಡ್ ನಂಬರನ್ನು ಸ್ಟಾಕ್ ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ಟಚಪ್‌ಗೆ ಬೇಕಾಗುತ್ತದೆ.